ಟೀನಲ್ಲಿ ಮಾತ್ರೆ ಬೆರೆಸಿ ಕೊಡಬಹುದಾ?

ಪ್ರಶ್ನೆ: ಮೇಡಂ, ನಮ್ಮದು ರೈಲ್ವೆ ಜಂಕ್ಷನ್ ಇರುವ ಒಂದು ತಾಲ್ಲೂಕು ಊರು. ನಾವು ಐದು ಜನ ಗೆಳೆಯರು ರಾತ್ರಿ ಹೊತ್ತು ಸ್ಟೇಷನ್ ಸುತ್ತಮುತ್ತ ಮಲಗುವವರಿಗೆ ಊಟ ಹಂಚುತ್ತೇವೆ. ಅಲ್ಲಿ ಸುಮಾರು ಐವತ್ತು ವಯಸ್ಸಿನವರು ಒಬ್ಬರು ಇದ್ದಾರೆ. ಎರಡು ಸಿಮೆಂಟ್ ಚೀಲ, ಬೇಸಿಗೆಯಲ್ಲೂ ಮೂರು ಸ್ವೆಟರ್, ಜಡೆಗಟ್ಟಿದ ಕೂದಲು. ಒಬ್ಬರೇ ಮಾತಾಡಿಕೊಳ್ಳುತ್ತಾರೆ, ಭಾಷೆ ಕನ್ನಡ ಅಲ್ಲ. ಪಲಾವ್ ಪೊಟ್ಟಣ ಕೊಟ್ಟರೆ ಎಸೆಯುತ್ತಾರೆ, ಬಾಳೆಹಣ್ಣು ಮಾತ್ರ ತೆಗೆದುಕೊಳ್ಳುತ್ತಾರೆ. ಠಾಣೆಗೆ ಹೋದರೆ ‘ಅವನೇನೂ ತೊಂದರೆ ಕೊಡ್ತಿಲ್ವಲ್ಲ’ ಎಂದರು. ಆಸ್ಪತ್ರೆಯಲ್ಲಿ ‘ಅಟೆಂಡರ್ ಇಲ್ಲದೆ ಅಡ್ಮಿಟ್ ಮಾಡಲ್ಲ’ ಎಂದರು. ನಮ್ಮಲ್ಲೊಬ್ಬ ಮೆಡಿಕಲ್ ಶಾಪ್‌ನಲ್ಲಿದ್ದಾನೆ. ಟೀನಲ್ಲಿ ಮಾತ್ರೆ ಹಾಕಿ ಕೊಟ್ಟು, ಸ್ವಲ್ಪ ಸುಧಾರಿಸಿದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎನ್ನುತ್ತಾನೆ. ಇನ್ನೊಬ್ಬ, ನಾಲ್ಕು ಜನ ಹಿಡಿದು ಆಟೋಗೆ ಹಾಕೋಣ ಎನ್ನುತ್ತಾನೆ. ಏನು ಮಾಡಬೇಕು?

ಉತ್ತರ: ಟೀ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಒಂದು ದಿನವೂ ಬೇಡ.

ಕಾರಣ ನಿಮ್ಮ ಪತ್ರದಲ್ಲೇ ಇದೆ. ಪಲಾವ್ ಎಸೆಯುತ್ತಾರೆ, ಬಾಳೆಹಣ್ಣು ತೆಗೆದುಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ಯಾಕಿರಬಹುದು? ಬಾಳೆಹಣ್ಣಿಗೆ ಸಿಪ್ಪೆ ಇದೆ. ಒಳಗೆ ಯಾರೂ ಏನೂ ಬೆರೆಸಿಲ್ಲ ಎಂದು ಸುಲಿಯುವಾಗಲೇ ಗೊತ್ತಾಗುತ್ತದೆ. ‘ನನಗೆ ವಿಷ ಹಾಕುತ್ತಾರೆ’ ಎಂಬ ಭಯ ಇರುವವರು ಬೀದಿಯಲ್ಲಿ ಹೀಗೇ ಊಟ ಆರಿಸಿಕೊಳ್ಳುತ್ತಾರೆ. ಸಿಪ್ಪೆ ಇರುವ ಹಣ್ಣು, ಸೀಲ್ ಒಡೆಯದ ನೀರಿನ ಬಾಟಲಿ, ಕಣ್ಣೆದುರೇ ಬಿಚ್ಚಿದ ಬಿಸ್ಕತ್ ಪ್ಯಾಕ್. ಹತ್ತೊಂಬತ್ತು ವರ್ಷದ ಈ ಕೆಲಸದಲ್ಲಿ ಇದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ. (ಹಲ್ಲು ನೋವೂ ಇರಬಹುದು, ಅದನ್ನು ತಳ್ಳಿಹಾಕಬೇಡಿ.) ಅವರಿಗೆ ಏನು ಭಯ ಎಂಬುದನ್ನು ಮಾತಿಲ್ಲದೆ ನಿಮಗೆ ಆಗಲೇ ಹೇಳಿದ್ದಾರೆ. ಈಗ ನೀವು ಟೀನಲ್ಲಿ ಮಾತ್ರೆ ಹಾಕಿದರೆ ಆ ಭಯ ನಿಜವಾಗುತ್ತದೆ. ಕಾಯಿಲೆ ಹೇಳುತ್ತಿದ್ದ ಸುಳ್ಳನ್ನು ನೀವೇ ಸತ್ಯ ಮಾಡಿಕೊಟ್ಟ ಹಾಗೆ. ಆಮೇಲೆ ಬಾಳೆಹಣ್ಣೂ ಇಲ್ಲ, ಮನುಷ್ಯನೂ ಇಲ್ಲ. ಮುಂದಿನ ರೈಲು ಹತ್ತಿ ಹೋಗಿಬಿಡುತ್ತಾರೆ.

ಇನ್ನು ಮಾತ್ರೆಯ ಅಪಾಯ. ನಾನು ಡಾಕ್ಟರ್ ಅಲ್ಲ, ಮನೋವೈದ್ಯರ ತಂಡದಲ್ಲಿ ಸೋಶಿಯಲ್ ವರ್ಕರ್. ಆದರೂ ಇಷ್ಟು ಕಣ್ಣಾರೆ ಕಂಡಿದ್ದೇನೆ. ಮನಸ್ಸಿನ ಕಾಯಿಲೆಗೆ ಕೊಡುವ ಹ್ಯಾಲೋಪೆರಿಡಾಲ್ ಮಾತ್ರೆ ತೆಗೆದುಕೊಂಡ ಕೆಲವರಿಗೆ ಮೊದಲ ದಿನಗಳಲ್ಲೇ ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಹೊರಳುವುದಿಲ್ಲ. ಆಸ್ಪತ್ರೆಯಲ್ಲಾದರೆ ಒಂದು ಇಂಜೆಕ್ಷನ್‌ಗೆ ಸರಿಹೋಗುತ್ತದೆ. ಸ್ಟೇಷನ್ ಹೊರಗೆ ರಾತ್ರಿ ಒಂದು ಗಂಟೆಗೆ ಆದರೆ? ನೋಡಿದವರು ಕುಡಿದಿದ್ದಾನೆ ಅಂತಾರೆ, ಇಲ್ಲ ದೆವ್ವ ಅಂತಾರೆ. ಅಂಥದ್ದೇ ಇನ್ನೊಂದು ಮಾತ್ರೆ ಒಲಾಂಜಪೈನ್ ಗಾಢ ನಿದ್ದೆ ತರಿಸುತ್ತದೆ. ಮನೆಯಲ್ಲಿ ಮಲಗುವವರಿಗೆ ಅದು ಒಳ್ಳೆಯದೇ. ಬೀದಿಯಲ್ಲಿ ಮಲಗುವವರು ಅರ್ಧ ಎಚ್ಚರದಲ್ಲೇ ಮಲಗುತ್ತಾರೆ, ಮಲಗಲೇಬೇಕು. ಚೀಲ ಕದಿಯುವವರಿದ್ದಾರೆ, ಒದೆಯುವವರಿದ್ದಾರೆ. ಹೆಂಗಸಾದರೆ ಹೇಳುವುದೇ ಬೇಡ. ಇವು ಡಾಕ್ಟರ ಚೀಟಿ ಇಲ್ಲದೆ ಕೊಡುವಂಥ ಮಾತ್ರೆಗಳೂ ಅಲ್ಲ. ನಿಮ್ಮ ಗೆಳೆಯನಿಗೆ ಕೆಲಸದ ಮೇಲೆ ಆಸೆ ಇದ್ದರೆ ಈ ಐಡಿಯಾ ಬಿಡಲಿ.

ಅದಕ್ಕಿಂತ ಮುಂಚಿನ ಪ್ರಶ್ನೆ, ಇದು ಮನಸ್ಸಿನ ಕಾಯಿಲೆಯೇ ಹೌದಾ? ಒಬ್ಬರೇ ಮಾತಾಡಿಕೊಂಡರೆ ಸ್ಕಿಜೋಫ್ರೇನಿಯಾ ಎಂದು ನಾವೇ ಬರೆದುಬಿಡುತ್ತೇವೆ. ನಮ್ಮ ತಂಡಕ್ಕೆ ‘ಹುಚ್ಚ’ ಎಂದು ಫೋನ್ ಬಂದ ಒಬ್ಬರಿಗೆ ತಲೆಗೆ ಏಟು ಬಿದ್ದು ರಕ್ತ ಹೆಪ್ಪುಗಟ್ಟಿತ್ತು. ಇನ್ನೊಬ್ಬರು ಎಪ್ಪತ್ತು ದಾಟಿದ ಅಜ್ಜಿ, ಮರೆವಿನ ಕಾಯಿಲೆಯಲ್ಲಿ ಮನೆ ದಾರಿ ತಪ್ಪಿದ್ದರು. ಎರಡು ಬೀದಿ ಆಚೆ ಮಗ ಹುಡುಕುತ್ತಿದ್ದ. ದಿಢೀರನೆ ಕುಡಿತ ನಿಂತಾಗಲೂ ಜನ ಇಲ್ಲದ್ದನ್ನು ಕಾಣುತ್ತಾರೆ, ಮೈ ನಡುಗುತ್ತದೆ, ಫಿಟ್ಸ್ ಬರುತ್ತದೆ. ಅದು ಜೀವ ತೆಗೆಯುವ ಸ್ಥಿತಿ, ಬೆಳಗಿನವರೆಗೆ ಕಾಯುವ ಹಾಗಿಲ್ಲ. ಜ್ವರ, ಸಕ್ಕರೆ ಇಳಿಯುವುದು, ಮೂರ್ಛೆರೋಗ, ಎಲ್ಲವೂ ಹೊರಗಿನಿಂದ ಒಂದೇ ಥರ ಕಾಣಬಹುದು. ಒಂದು ಸುಲಭದ ಗುರುತು ಹೇಳುತ್ತೇನೆ. ಎರಡು ಮೂರು ದಿನದಲ್ಲಿ ಬದಲಾದವರು ಮೈ ಕಾಯಿಲೆಯವರು ಎಂದುಕೊಂಡು 108ಕ್ಕೆ ಫೋನ್ ಮಾಡಿ. ತಿಂಗಳುಗಟ್ಟಲೆ ಹೀಗೇ ಇದ್ದಾರೆ ಎಂದರೆ ಅವಸರ ಕಡಿಮೆ. ಟೀ ಅಂಗಡಿಯವರನ್ನು, ಪೌರಕಾರ್ಮಿಕರನ್ನು ಕೇಳಿ, ಯಾವಾಗ ಬಂದರು, ಬಂದಾಗ ಹೇಗಿದ್ದರು ಅಂತ. ಬೀದಿಯ ಕೇಸ್ ಶೀಟ್ ಅವರ ಬಾಯಲ್ಲೇ ಇರುತ್ತದೆ.

ಮೂರು ಸ್ವೆಟರ್ ಬಗ್ಗೆ. ಅದು ಕಾಯಿಲೆಯ ಲಕ್ಷಣವೂ ಇರಬಹುದು. ಆದರೆ ಬೀರು ಇಲ್ಲದವರಿಗೆ ಬಟ್ಟೆ ಇಡಲು ಮೈಗಿಂತ ಭದ್ರವಾದ ಜಾಗ ಯಾವುದಿದೆ? ಚೀಲವೂ ಹಾಗೇ. ನಮಗೆ ಕಸ, ಅವರಿಗೆ ಆಸ್ತಿ. ಒಮ್ಮೆ ಒಂದು ಚೀಲದ ತಳದಲ್ಲಿ ಹದಿನಾರು ವರ್ಷ ಹಳೆಯ ಶಾಲೆಯ ಟಿ.ಸಿ. ಸಿಕ್ಕಿತು. ಆ ಹಾಳೆಯಿಂದಲೇ ಊರು ಗೊತ್ತಾಯಿತು. ಕ್ಲೀನ್ ಮಾಡುತ್ತೇವೆ ಅಂತ ಯಾರೂ ಆ ಚೀಲಕ್ಕೆ ಕೈ ಹಾಕದ ಹಾಗೆ ನೋಡಿಕೊಳ್ಳಿ.

ಈಗ ಹಿಡಿದು ಆಟೋಗೆ ಹಾಕುವ ಗೆಳೆಯನ ಮಾತಿಗೆ ಬರೋಣ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಾನೂ ಹಾಗೆ ಮಾಡಿದವಳೇ.

ಕೆಲಸಕ್ಕೆ ಸೇರಿದ ಆರಂಭದ ವರ್ಷಗಳು. ಒಂದು ಫ್ಲೈಓವರ್ ಕೆಳಗೆ ಒಬ್ಬ ಹೆಂಗಸು ಇದ್ದರು. ಮೂರು ವಾರ ಮಾತಾಡಿಸಿದೆವು, ಬರಲಿಲ್ಲ. ನಮಗೆ ತಾಳ್ಮೆ ಸಾಕಾಯಿತು. ಒಂದು ಬೆಳಗ್ಗೆ ಆರು ಜನ ಹೋಗಿ ವ್ಯಾನ್‌ಗೆ ಹತ್ತಿಸಿದೆವು. ಅವರು ಕಿರುಚಿದ್ದು ಇವತ್ತೂ ಕಿವಿಯಲ್ಲಿದೆ. ಆಸ್ಪತ್ರೆಯಲ್ಲಿ ಔಷಧ ಚೆನ್ನಾಗಿಯೇ ಕೆಲಸ ಮಾಡಿತು. ನಾಲ್ಕನೇ ವಾರಕ್ಕೆ ತಲೆ ಬಾಚಿಕೊಂಡು, ನರ್ಸ್ ಜೊತೆ ಹೂ ಕಟ್ಟುತ್ತಾ ಕೂತಿದ್ದರು. ನಾವೂ ಖುಷಿಯಾದೆವು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು, ‘ಸುಧಾರಿಸಿದ್ದಾರೆ, ಕರೆದುಕೊಂಡು ಹೋಗಿ’ ಅಂತ. ಎಲ್ಲಿಗೆ? ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಎರಡು ಆಶ್ರಮದವರು ‘ಮಾನಸಿಕ’ ಎಂಬ ಪದ ಕೇಳಿದೊಡನೆ ಫೋನ್ ಇಟ್ಟರು. ಮೂರನೆಯವರು ಒಪ್ಪಿದರು. ಒಂದು ವಾರದಲ್ಲಿ ಆ ಹೆಂಗಸು ಅಲ್ಲಿಂದ ಹೊರಟುಹೋದರು. ಎರಡು ತಿಂಗಳ ನಂತರ ಇನ್ನೊಂದು ರಸ್ತೆಯಲ್ಲಿ ಕಂಡರು. ಮಾತ್ರೆ ನಿಂತಿತ್ತು, ಕೂದಲು ಮತ್ತೆ ಜಡೆಗಟ್ಟಿತ್ತು. ನನ್ನನ್ನು ನೋಡಿ ರಸ್ತೆ ದಾಟಿ ಓಡಿದರು. ಲಾರಿ ಬರುತ್ತಿತ್ತು. ಸ್ವಲ್ಪದರಲ್ಲಿ ತಪ್ಪಿತು.

ಅವತ್ತಿನಿಂದ ನಮ್ಮ ತಂಡದಲ್ಲಿ ಒಂದು ನಿಯಮ. ಹತ್ತಿಸುವ ಮೊದಲು ಇಳಿಸುವ ಜಾಗ ಗೊತ್ತಿರಬೇಕು. ಈ ಕೆಲಸದಲ್ಲಿ ಕಷ್ಟದ್ದು ಔಷಧ ಅಲ್ಲ, ಅದು ಬಹಳ ಜನರಿಗೆ ನಾಟುತ್ತದೆ. ಕಷ್ಟ ಇರುವುದು ಔಷಧದ ಆ ಕಡೆ ಮತ್ತು ಈ ಕಡೆ. ಈ ಕಡೆ, ಅವರು ನಿಮ್ಮನ್ನು ನಂಬುವುದು. ಆ ಕಡೆ, 31ನೇ ದಿನ ಅವರು ಎಲ್ಲಿ ಮಲಗುತ್ತಾರೆ ಎಂಬುದು.

31 ಯಾಕೆ ಎಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 89ರಲ್ಲಿ, ಸ್ವತಃ ಒಪ್ಪಿಗೆ ಕೊಡಲಾಗದವರನ್ನು ಅಡ್ಮಿಟ್ ಮಾಡಿಕೊಂಡರೆ ಮೊದಲ ಅವಧಿ ಹೆಚ್ಚೆಂದರೆ 30 ದಿನ. ಮುಂದುವರಿಸಲು ಬೇರೆ ಸೆಕ್ಷನ್, ಬೇರೆ ತಪಾಸಣೆ. ಅದೇ ಕಾಯ್ದೆ ಇನ್ನೊಂದನ್ನೂ ಹೇಳುತ್ತದೆ: ಮನೆ ಇಲ್ಲ, ಮನೆಯವರಿಗೆ ಬೇಡ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಒಳ್ಳೆಯ ಮಾತು. ಆದರೆ ಹೊರಗೆ ಜಾಗ ಇದ್ದಾಗ ಮಾತ್ರ ಒಳ್ಳೆಯ ಮಾತು.

ಬಲವಂತ ಯಾವತ್ತೂ ಬೇಡವೇ? ಹಾಗಲ್ಲ. ಹಳಿ ಮೇಲೆ ಮಲಗುತ್ತಿದ್ದರೆ, ಗಾಯದಲ್ಲಿ ಹುಳ ಬಿದ್ದಿದ್ದರೆ, ದಿನಗಟ್ಟಲೆ ನೀರೂ ಮುಟ್ಟದಿದ್ದರೆ, ತಮಗೆ ತಾವೇ ಹೊಡೆದುಕೊಳ್ಳುತ್ತಿದ್ದರೆ ಕಾಯಬೇಡಿ. ಆದರೆ ಹಿಡಿಯುವವರು ನೀವಲ್ಲ. 112ಕ್ಕೆ ಫೋನ್ ಮಾಡಿ. ಆಗ ಬೇಕಾಗುವುದು ಅದೇ ಕಾಯ್ದೆಯ ಸೆಕ್ಷನ್ 100. ಇದನ್ನು ಠಾಣೆಗೆ ಹೋಗುವ ಮುಂಚೆ ನೀವು ಓದಿಕೊಂಡಿರಬೇಕು, ಯಾಕೆಂದರೆ ಅಲ್ಲಿ ಓದಿದವರು ಇರುತ್ತಾರೆ ಎಂಬ ಭರವಸೆ ಇಲ್ಲ.

‘ತೊಂದರೆ ಕೊಡ್ತಿಲ್ವಲ್ಲ’ ಎಂದರಲ್ಲ, ಕಾಯ್ದೆ ತೊಂದರೆ ಕೊಟ್ಟವರ ಬಗ್ಗೆ ಮಾತ್ರ ಹೇಳುವುದಿಲ್ಲ. ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲು ಆಗದೆ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ ಎನ್ನುತ್ತದೆ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯಬೇಕು. ಲಾಕಪ್ಪಿಗೆ ಹಾಕುವಂತಿಲ್ಲ. ಮನೆ ಇಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕಬೇಕು. ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ‘ಹುಚ್ಚ’, ‘ಉಪದ್ರವ’ ಎಂದೆಲ್ಲ ಬರೆಯದೆ, ನೋಡಿದ್ದನ್ನು ಬರೆಯಿರಿ. ಇಂಥ ದಿನದಿಂದ ಇಂಥ ಕಡೆ ಇದ್ದಾರೆ, ಇಷ್ಟು ದಿನದಿಂದ ಊಟ ಮಾಡಿಲ್ಲ, ಬಲಗಾಲಲ್ಲಿ ಗಾಯ ಇದೆ, ಹೀಗೆ. ನಿಮ್ಮದು ಜಂಕ್ಷನ್ ಊರು, ಇನ್ನೊಂದು ತಕರಾರು ಬಂದೇ ಬರುತ್ತದೆ. ಪ್ಲಾಟ್‌ಫಾರಂ ಮೇಲಿದ್ದರೆ ರೈಲ್ವೆ ಪೊಲೀಸರಿಗೆ ಹೇಳಿ ಅಂತಾರೆ. ಗೇಟಿನ ಹೊರಗೆ ಬಂದರೆ ಟೌನ್ ಪೊಲೀಸರಿಗೆ ಹೇಳಿ ಅಂತಾರೆ. ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟುಬಿಡಿ.

ಪೊಲೀಸರನ್ನು ಬೈಯುವುದು ಸುಲಭ. ಇರುವ ಒಂದು ಜೀಪು, ರಾತ್ರಿ ಡ್ಯೂಟಿಗೆ ಮೂರು ಜನ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿ ‘ಅಟೆಂಡರ್ ಎಲ್ಲಿ’ ಅಂತಾರೆ. ವಾಪಸ್ ಕರೆದುಕೊಂಡು ಬಂದ ಕಾನ್‌ಸ್ಟೇಬಲ್ ಎರಡನೇ ಸಲ ಹೋಗಲು ಹಿಂಜರಿಯುತ್ತಾನೆ, ಅಲ್ವಾ? ಹಾಗಾಗಿ ಮೊದಲು ಆಸ್ಪತ್ರೆಯ ಬಾಗಿಲು ತೆರೆಸಿಕೊಂಡು ಆಮೇಲೆ ಠಾಣೆಗೆ ಹೋಗುವುದು ಜಾಣತನ.

ಅಟೆಂಡರ್ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಇದೆ. ಸಂಬಂಧಿಕರು ಇಲ್ಲದವರಿಗೆ ನೋಡಿಕೊಳ್ಳುತ್ತಿರುವವರು ಪ್ರತಿನಿಧಿಯಾಗಬಹುದು. ಅವರೂ ಇಲ್ಲದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ಒಬ್ಬರನ್ನು ನೇಮಿಸಬಹುದು, ಕೊನೆಗೆ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರು. ಮನೆ ಇಲ್ಲದವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಕೇಳುವಂತಿಲ್ಲ. ಇದು ಸೆಕ್ಷನ್ 18. ಆದರೆ ವಾರ್ಡಿನ ನರ್ಸ್ ಕೇಳುವುದು ಸೆಕ್ಷನ್ ಅಲ್ಲ. ಸ್ನಾನ ಮಾಡಿಸುವವರು ಯಾರು, ರಾತ್ರಿ ಎದ್ದು ಹೊರಟರೆ ನೋಡುವವರು ಯಾರು, ಸ್ಕ್ಯಾನಿಂಗ್‌ಗೆ ತಳ್ಳಿಕೊಂಡು ಹೋಗುವವರು ಯಾರು ಎಂದು. ನಿಜವಾದ ಪ್ರಶ್ನೆಗಳು ಅವು. ನೀವು ಐದು ಜನ ಇದ್ದೀರಿ. ಮೊದಲ ಮೂರು ದಿನ ಪಾಳಿ ಹಾಕಿಕೊಂಡು ನಾವಿರುತ್ತೇವೆ ಎಂದು ಹೇಳಿ ನೋಡಿ. ಅರ್ಧ ತಕರಾರು ಅಲ್ಲೇ ಕರಗುತ್ತದೆ.

ನಮ್ಮ ವ್ಯವಸ್ಥೆಯ ಒಂದು ತಮಾಷೆ ಹೇಳಲೇಬೇಕು. ತಾಲ್ಲೂಕು ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕು ಎಂಬ ಯೋಜನೆಯನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ದೇಶದಲ್ಲೇ ಮೊದಲು ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿಯಲ್ಲಿ. 1985ರಲ್ಲಿ ನಿಮ್ಹಾನ್ಸ್‌ನವರು ಶುರು ಮಾಡಿದ್ದು. ಅದೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು. ದೊಡ್ಡ ಸಾಧನೆ. ಆದರೆ ಅದರ ಲೆಕ್ಕಾಚಾರ ನಿಂತಿರುವುದು ಮನೆಯವರ ಮೇಲೆ. ಮನೆಯವರು ಕರೆತರುತ್ತಾರೆ, ಮಾತ್ರೆ ಕೊಡುತ್ತಾರೆ, ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಮನೆಯೇ ಇಲ್ಲದವರು ಆ ಲೆಕ್ಕದಲ್ಲಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮನೆ ಮನೆಗೆ ಹೋಗಿ ಮಾಡಿದ್ದು. ಬಾಗಿಲು ಇಲ್ಲದವರನ್ನು ಯಾರು ತಟ್ಟುತ್ತಾರೆ? 2011ರ ಜನಗಣತಿಯಲ್ಲಿ ಸೂರಿಲ್ಲದವರ ಸಂಖ್ಯೆ 17 ಲಕ್ಷ ದಾಟಿತ್ತು.

ಯಾರಾದರೂ ‘ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಹಾಕಿಸಿಬಿಡಿ’ ಎನ್ನಬಹುದು. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ದಾರಿ. ನಿಮ್ಮ ಪತ್ರದ ಮನುಷ್ಯ ಭಿಕ್ಷೆಯನ್ನೇ ಬೇಡುತ್ತಿಲ್ಲ, ಕೊಟ್ಟದ್ದನ್ನೂ ಎಸೆಯುತ್ತಿದ್ದಾರೆ. ಆ ದಾರಿ ಬಿಡಿ.

ಹಾಗಾದರೆ ಏನು ಮಾಡುವುದು? ಐದು ಜನ ಒಟ್ಟಿಗೆ ಹೋಗುವುದನ್ನು ನಿಲ್ಲಿಸಿ. ಐದು ಜನ ಸುತ್ತ ನಿಂತರೆ ಆರೋಗ್ಯವಂತನೂ ಹೆದರುತ್ತಾನೆ. ಇಬ್ಬರು ಸಾಕು, ದಿನಾ ಅದೇ ಇಬ್ಬರು, ಅದೇ ಹೊತ್ತಿಗೆ. ಎದುರಿಗೆ ನಿಲ್ಲಬೇಡಿ. ಸ್ವಲ್ಪ ದೂರದಲ್ಲಿ, ಪಕ್ಕಕ್ಕೆ ಕೂತುಕೊಳ್ಳಿ. ಬಾಳೆಹಣ್ಣು ಚಿಪ್ಪಿನಿಂದ ಅವರೇ ಕಿತ್ತುಕೊಳ್ಳಲಿ. ನೀವೂ ಒಂದು ತಿನ್ನಿ. ಒಂದು ನಮಸ್ಕಾರ, ಎದ್ದು ಬನ್ನಿ. ಮೊದಲ ಎರಡು ವಾರ ಇಷ್ಟೇ. ಆಸ್ಪತ್ರೆ ಎಂಬ ಪದವೇ ಬೇಡ. ಬೋರಾಗುತ್ತದೆ. ಹೌದು, ಈ ಕೆಲಸ ಬೋರೇ. ನನಗೆ ತಮ್ಮ ಹೆಸರು ಹೇಳಲು ಒಬ್ಬರು ಹದಿನಾಲ್ಕು ತಿಂಗಳು ತೆಗೆದುಕೊಂಡರು.

ಅವರು ಹೇಳುವ ಮಾತು ಅಸಂಬದ್ಧ ಎನಿಸಿದರೆ ವಾದ ಮಾಡಬೇಡಿ, ಹೂಂ ಅಂತ ತಲೆಯೂ ಆಡಿಸಬೇಡಿ. ‘ನಿಮಗೆ ಭಯ ಆಗ್ತಿದೆ ಅನ್ಸುತ್ತೆ’ ಎಂದರೆ ಸಾಕು, ಅದು ಸುಳ್ಳಲ್ಲ. ಅವರಿಗೆ ಬೇಕಾದ ಸಣ್ಣ ವಸ್ತು ಯಾವುದು ನೋಡಿ. ಚಪ್ಪಲಿ ಇರಬಹುದು, ಕಾಲಿನ ಗಾಯಕ್ಕೆ ಪಟ್ಟಿ ಇರಬಹುದು. ಬಹಳ ಸಲ ಒಳಗೆ ಹೋಗುವ ಬಾಗಿಲು ಕಾಲೇ. ತಲೆ ಮುಟ್ಟಲು ಬಿಡದವರು ಕಾಲಿಗೆ ಮುಲಾಮು ಹಚ್ಚಲು ಬಿಡುತ್ತಾರೆ.

ಕ್ಯಾಮೆರಾ ಬೇಡ. ಕೂದಲು ಬೋಳಿಸಿ, ಸ್ನಾನ ಮಾಡಿಸಿ, ಹೊಸ ಶರ್ಟ್ ಹಾಕಿಸಿ ವಿಡಿಯೋ ಬಿಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮರುದಿನ ಆ ಮನುಷ್ಯ ಅದೇ ಜಾಗದಲ್ಲಿ ಇರುತ್ತಾನೆ, ಕೂದಲು ಮಾತ್ರ ಇರುವುದಿಲ್ಲ. ಗುರುತು ಸಿಗದೆ ದಿನಾ ಟೀ ಕೊಡುತ್ತಿದ್ದ ಅಂಗಡಿಯವನೂ ಓಡಿಸಿದ್ದನ್ನು ಕಂಡಿದ್ದೇನೆ.

ಆ ಟೀ ಅಂಗಡಿಯವರು ಮುಖ್ಯ. ಕೋಲ್ಕತ್ತದ ಈಶ್ವರ್ ಸಂಕಲ್ಪ ಎಂಬ ಸಂಸ್ಥೆ 2007ರಿಂದ ಇಂಥವರನ್ನೇ ಜೊತೆಗಿಟ್ಟುಕೊಂಡಿದೆ. ಎಲ್ಲರನ್ನೂ ಎತ್ತಿಕೊಂಡು ಹೋಗದೆ, ಇರುವ ಜಾಗದಲ್ಲೇ ಡಾಕ್ಟರ್ ಬಂದು ನೋಡುವುದು, ಊಟ ಮಾತ್ರೆಯ ಉಸ್ತುವಾರಿಯನ್ನು ಅಕ್ಕಪಕ್ಕದವರು ವಹಿಸಿಕೊಳ್ಳುವುದು. ಚೆನ್ನೈನ ‘ದಿ ಬ್ಯಾನ್ಯನ್’ 1993ರಲ್ಲಿ ಹೆಂಗಸರ ಆಶ್ರಯ ಮನೆಯಾಗಿ ಶುರುವಾಯಿತು. ಎಷ್ಟೋ ಜನಕ್ಕೆ ಹೋಗಲು ಮನೆಯೇ ಇಲ್ಲ ಎಂದು ಗೊತ್ತಾದ ಮೇಲೆ, ನಾಲ್ಕೈದು ಜನ ಒಟ್ಟಿಗೆ ಸಾಮಾನ್ಯ ಬೀದಿಯ ಮನೆಯಲ್ಲಿ ಸಂಸಾರದ ಹಾಗೆ ಇರುವ ಏರ್ಪಾಡು ಮಾಡಿದರು. ಮಹಾರಾಷ್ಟ್ರದ ಕರ್ಜತ್‌ನ ಶ್ರದ್ಧಾ ಸಂಸ್ಥೆ ಚಿಕಿತ್ಸೆ ಕೊಟ್ಟು ಊರಿಗೆ ಮುಟ್ಟಿಸುತ್ತದೆ. ಅದನ್ನು ಕಟ್ಟಿದ ಡಾ. ಭರತ್ ವಟವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೂರು ಬೇರೆ ಬೇರೆ ದಾರಿ. ನಿಮ್ಮ ಮನುಷ್ಯನಿಗೆ ಯಾವುದು ಎಂದು ಈಗಲೇ ಹೇಳಲು ಆಗುವುದಿಲ್ಲ.

ಊರು ಹುಡುಕುವುದು ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಆಧಾರ್ ಇದ್ದರೆ ಬೆರಳಚ್ಚಿನಿಂದ ವಿಳಾಸ ಸಿಕ್ಕ ಉದಾಹರಣೆ ಬೇಕಾದಷ್ಟಿವೆ. ಆದರೆ ಮನೆ ಸಿಕ್ಕಿತು ಎಂದು ಕೂಡಲೇ ರೈಲು ಹತ್ತಿಸಬೇಡಿ. ಮನೆಯವರು ತಿಥಿ ಮಾಡಿ ಮುಗಿಸಿರಬಹುದು. ಹೆಂಡತಿ ಬೇರೆ ಮದುವೆಯಾಗಿರಬಹುದು. ಓಡಿ ಬಂದದ್ದೇ ಆ ಮನೆಯಿಂದ ಇರಬಹುದು. ಮೊದಲು ಮನೆಗೆ ಫೋನ್, ಆಮೇಲೆ ಆ ಮನುಷ್ಯನ ಇಷ್ಟ ಕೇಳುವುದು. ಹೋಗುವಾಗ ಒಂದು ತಿಂಗಳ ಮಾತ್ರೆ ಮತ್ತು ಅಲ್ಲಿನ ಜಿಲ್ಲಾ ಆಸ್ಪತ್ರೆಯ ವಿಳಾಸ ಕೈಯಲ್ಲಿರಬೇಕು.

ಚಿಕಿತ್ಸೆಗೆ ಒಪ್ಪಿದ ದಿನ ಡಾಕ್ಟರ ಹತ್ತಿರ ಡಿಪೋ ಇಂಜೆಕ್ಷನ್ ಬಗ್ಗೆ ಕೇಳಿ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಒಂದು ಚುಚ್ಚು, ದಿನಾ ಮಾತ್ರೆ ಕಾಯುವ ಗೋಜಿಲ್ಲ. ಮಳೆಗೆ ನೆನೆಯುವುದೂ ಇಲ್ಲ, ಕಳ್ಳತನವೂ ಆಗುವುದಿಲ್ಲ. ಎಲ್ಲರಿಗೂ ಸರಿಹೋಗುವುದಿಲ್ಲ, ಅದನ್ನು ಡಾಕ್ಟರೇ ನಿರ್ಧರಿಸಬೇಕು.

ಈ ವಾರ ಎರಡು ಕೆಲಸ ಮಾಡಿ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ವಿಚಾರಿಸಿ, ರೋಗಿಯನ್ನು ಕರೆಯದೆ ನೀವೇ ಹೋಗಿ ಮಾತಾಡಿ. ಸ್ಟೇಷನ್ ಹತ್ತಿರ ಬಂದು ದೂರದಿಂದಲಾದರೂ ನೋಡುತ್ತಾರಾ ಎಂದು ಕೇಳಿ. ಕೆಲವರು ಬರುತ್ತಾರೆ. ನಡುವೆ ಏನಾದರೂ ತೋಚದೆ ಹೋದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಎರಡನೆಯದು ಭಾಷೆ. ಸೀಲ್ ಇರುವ ನೀರಿನ ಬಾಟಲಿ ತೋರಿಸಿ ಸುಮ್ನೆ ಕೂತುಕೊಳ್ಳಿ. ‘ಜೊಲ್’ ಎಂದರೆ ಬಂಗಾಳದ ಕಡೆಯವರಿರಬಹುದು. ‘ನೀಳ್ಳು’ ಎಂದರೆ ತೆಲುಗು. ‘ಪಾನಿ’, ‘ಪಾಣಿ’ ಎಂದರೆ ಹಿಂದಿ, ಮರಾಠಿ, ಒಡಿಯಾ, ಯಾವುದೂ ಆಗಬಹುದು, ಇನ್ನೂ ಎರಡು ಪದ ಬೇಕಾಗುತ್ತದೆ. ನಮ್ಮ ತಂಡದಲ್ಲಿ ಇಷ್ಟೂ ಭಾಷೆಗೆ ಜನ ಇದ್ದಾರೆ, ಫೋನಿನಲ್ಲೇ ಮಾತಾಡಿಸುತ್ತಾರೆ. ಮುಂದಿನ ಸಲ ಬರೆಯುವಾಗ ಅವರು ನೀರಿಗೆ ಏನಂದರು ಎಂದು ತಿಳಿಸಿ.